ಕಂಪ್ಯೂಟರ್ ಕಣ್ಣು ಬಿಡುವಾಗ ಹೇಳಿದ್ದು

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕಂಪ್ಯೂಟರಿಗಿಂತ ಅದರ ಮುಂದೆ ಕೂತವರೇ ಹೆಚ್ಚು ನೆನಪಿರುತ್ತಾರೆ. ನಾನು ಪುಣೆಯಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಯಂತ್ರಗಳನ್ನು ನೋಡಿಕೊಳ್ಳುವವನು. ಲಿನಕ್ಸ್ ಶುರುವಾಗುವಾಗ ಪರದೆಯ ಮೇಲೆ ಸಾಲು ಸಾಲಾಗಿ ವರದಿ ಒಪ್ಪಿಸುತ್ತದೆ: ಡಿಸ್ಕ್ ಸಿಕ್ಕಿತು, ಕೀಬೋರ್ಡ್ ಸಿಕ್ಕಿತು, ಇಂಥದ್ದು ಕೆಟ್ಟಿದೆ ಅಂತ. ಅದೇ ಬೂಟ್ ಲಾಗ್. ಎಷ್ಟೋ ಕಡೆ ಅದು ಮೆಮೊರಿಯಲ್ಲಷ್ಟೇ ಇರುತ್ತದೆ, ಯಂತ್ರ ಆರಿದರೆ ಅಳಿಸಿಹೋಗುತ್ತದೆ. ಉಳಿಸಿಡಿ ಅಂತ ಹೇಳುವುದೇ ನನ್ನ ಅರ್ಧ ಕೆಲಸ. ಜನ ಉಳಿಸುತ್ತಾರೆ ಕೂಡ, ಅವರವರಿಗೆ ತೋಚಿದ ಹಾಗೆ.

ಆಫ್ ಮಾಡಬೇಡ

ಯೆರವಡಾದ ನಮ್ಮ ಆಫೀಸಿಗೆ ಹಾಸನದ ಕಡೆಯ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಒಂದು ಸರ್ವರ್ ಸರಿಯಾಗಿ ಶುರುವಾಗಿಲ್ಲ ಅಂತ ಫೋನ್ ಮಾಡಿದ.

"ನಾ ಬರೂತನಕ ಅದನ್ನ ಆಫ್ ಮಾಡಬ್ಯಾಡಪಾ, ಲಾಗ್ ಹೋಗ್ತದ" ಅಂದೆ.

ಟ್ರಾಫಿಕ್ಕಿನಲ್ಲಿ ಒದ್ದಾಡಿ ಹೋದೆ. ಹುಡುಗ ಸರ್ವರ್ ಪಕ್ಕದಲ್ಲೇ ಕಾವಲು ನಿಂತಿದ್ದ. ನೋಡಿದರೆ ಹಳೆಯ ಲಾಗ್ ಒಂದು ಸಾಲೂ ಇಲ್ಲ.

"ಆಫ್ ಮಾಡಿದೇನು?"

"ಖಂಡಿತಾ ಇಲ್ಲ ಸಾರ್! ಜಸ್ಟ್ ರೀಸ್ಟಾರ್ಟ್ ಮಾಡ್ದೆ ಅಷ್ಟೆ. ನೀವು ಬರೋಷ್ಟರಲ್ಲಿ ಲಾಗ್ ಫ್ರೆಶ್ ಆಗಿರ್ಲಿ ಅಂತ."

ಓಡುವ ಸಾಲುಗಳು

ಸ್ವಾರಗೇಟ ಹತ್ತಿರ ಸೀರೆ ಅಂಗಡಿ ಇಟ್ಟ ಕಾಕಾ ಒಬ್ಬರಿದ್ದಾರೆ, ಬಾಗಲಕೋಟೆ ಕಡೆಯವರು. ಅವರ ಬಿಲ್ಲಿನ ಕಂಪ್ಯೂಟರ್ ಒಮ್ಮೆ ಶುರುವಾದರೆ ಇನ್ನೊಮ್ಮೆ ಇಲ್ಲ. ಫೋನಿನಲ್ಲೇ ಕೇಳಿದೆ, "ಕಾಕಾ, ಶುರು ಆಗೂವಾಗ ಏನ್ ಬರೀತದ ಓದ್ರಿ."

"ಏನ್ ಓದ್ಲೋ ತಮ್ಮಾ, ಲೋಣಾವಳಾ ಟೇಶನ್ದಾಗ ನಿಲ್ಲದ ರೈಲಗಾಡಿ ಹಂಗ ಓಡ್ತಾವ!"

"ಹಂಗಾದ್ರ ಮೊಬೈಲಿನಾಗ ವಿಡಿಯೊ ತಗದ ಕಳಸ್ರಿ."

ವಿಡಿಯೊ ಬಂತು. ಮೊದಲಿಂದ ಕೊನೆಯವರೆಗೂ ಕಾಕಾ ಮುಖ. ಕಣ್ಣರಳಿಸಿಕೊಂಡು ಜೋರಾಗಿ ಓದುತ್ತಿದ್ದಾರೆ: "ಓಕೆ... ಓಕೆ... ಓಕೆ... ಅಯ್ಯ, ಇದೊಂದು ಕೆಂಪಂದು ಬಂತು, ಹೋತು... ಓಕೆ..."

"ಕಾಕಾ, ಇದರಾಗ ಪರದೆನ ಕಾಣವಲ್ದಲ್ರಿ!"

"ಓದಾವರು ಯಾರಂತ ಗೊತ್ತಾಗಬೇಕಲ್ಲೋ?"

ಜೋಪಾನ

ಕಡೆಗೆ ಅಂಗಡಿಗೇ ಹೋದೆ. ಆ ಕೆಂಪು ಸಾಲು ಡಿಸ್ಕಿನದೇ ದೂರು. ಗ್ಯಾರಂಟಿ ಇನ್ನೂ ಇತ್ತು, ಆದರೆ ಪುರಾವೆ ಬೇಕು. ಕೆಟ್ಟ ಡಿಸ್ಕಿನ ದೂರನ್ನು ಅದರೊಳಗೇ ಬರೆದಿಟ್ಟರೆ ಉಳಿಯುವ ಭರವಸೆಯಿಲ್ಲ. ಕಾಕಾ ಅಂದರು, "ಪ್ರಿಂಟ್ ತಗೀಯೋ." ಇದ್ದದ್ದು ಬಿಲ್ಲಿನ ಪ್ರಿಂಟರ್. ಬಾಲದಂತೆ ಉದ್ದ ಚೀಟಿ ಬಂತು.

"ಹಾಳಾಗದಂಗ ಜೋಪಾನ ಇಡ್ರಿ" ಅಂದೆ.

ಮುಂದಿನ ವಾರ ಡಿಸ್ಕ್ ಮಾರಿದ ಡೀಲರ್ ಬಂದ. ಆವತ್ತು ನೋಡಿ, ಕಂಪ್ಯೂಟರ್ ಅಡ್ಡಿಯಿಲ್ಲದೆ ಶುರುವಾಯಿತು. ಅವನು ಮರಾಠಿಯಲ್ಲಿ, "ಚೆನ್ನಾಗೇ ನಡೀತಿದೆಯಲ್ಲ ಶೇಟ, ಯಾಕೆ ಬದಲಿಸಲಿ? ಕೆಟ್ಟಿದ್ದಕ್ಕೆ ಪುರಾವೆ ಏನು?" ಅಂದ.

ಕಾಕಾ ನಿಶ್ಚಿಂತೆಯಿಂದ ಗಾದಿಯ ಕೆಳಗಿನಿಂದ ಒಂದು ಕವರ್ ತೆಗೆದರು. "ನೀ ಹೇಳಿದಂಗ ಜೋಪಾನ ಮಾಡೇನಿ ತಮ್ಮಾ. ಲ್ಯಾಮಿನೇಷನ್ ಮಾಡಿಸೇನಿ!"

ಬಿಲ್ಲಿನ ಕಾಗದದಲ್ಲಿ ಮಸಿ ಇರುವುದಿಲ್ಲ, ಬಿಸಿ ತಾಗಿದಲ್ಲಿ ಕಪ್ಪಗೆ ಅಕ್ಷರ ಮೂಡುತ್ತದೆ. ಲ್ಯಾಮಿನೇಷನ್ ಯಂತ್ರ ಅದನ್ನು ಪೂರ್ತಿ ಕಾಯಿಸಿತ್ತು. ಕವರಿನಿಂದ ಹೊರಬಂದದ್ದು ರೊಟ್ಟಿ ಹಂಚಿನಷ್ಟು ಕಪ್ಪಾದ, ಫಳಫಳ ಹೊಳೆಯುವ ಪಟ್ಟಿ. ಒಂದಕ್ಷರ ಇಲ್ಲ.

"ಶೇಟ, ಹೇ ಕಾಯ್?" ಇದೇನು ಅಂತ ಕೇಳಿದ ಡೀಲರ್.

ಕಾಕಾ ಒಂದು ಗಳಿಗೆ ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅದನ್ನು ಡೀಲರ್ ಮುಂದೆ ಕೌಂಟರಿನ ಮೇಲೆ ಉದ್ದಕ್ಕೆ ಹಾಸಿ, ಅವನದೇ ಮರಾಠಿಯಲ್ಲಿ ಗಂಭೀರವಾಗಿ ಕೇಳಿದರು:

"ಡಿಸ್ಕ್ ಸುಟ್ಟುಹೋಗಿದೆ ಅನ್ನೋದಕ್ಕೆ ಇನ್ನೆಂಥಾ ಪುರಾವೆ ಬೇಕಪ್ಪಾ?"

ಡೀಲರ್ ನಗು ತಡೆಯಲಾರದೆ ಕೌಂಟರ್ ಹಿಡಿದುಕೊಂಡ. ಹೊಸ ಡಿಸ್ಕ್ ಆವತ್ತೇ ಬಂತು.