ಎಡಗಡೆ ಮೂರನೇ ಕರಿ ಮನೆ

ಹಾಡಿ ಊರಿನ ಕಣ್ಣಲ್ಲೇ ನೀರು ತರಿಸೋ ಮನುಷ್ಯನ ಪಕ್ಕದಲ್ಲಿ ಕೂತು ತಬಲಾ ಬಾರಿಸಿದವನು ನಾನು. ಅಂಥವನಿಗೆ ನಗೋ ಪ್ರಸಂಗಗಳಿಗೆ ಬರವಿಲ್ಲ ಮಾರಾಯ್ರೆ, ಅವೇ ಹುಡುಕಿಕೊಂಡು ಬರ್ತಾವೆ.

ನಮ್ಮ ಮೇಷ್ಟ್ರು ಶಾಲೆ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ಅರವತ್ತರ ದಶಕದಲ್ಲಿ ಶರಾವತಿ ಹಿನ್ನೀರಲ್ಲಿ ಊರು ಮುಳುಗಿದಾಗ ಹೆಂಡತಿ ಮತ್ತು ಹಾರ್ಮೋನಿಯಂ, ಇವೆರಡನ್ನೇ ಜೋಪಾನ ಮಾಡಿ ಸಾಗರಕ್ಕೆ ಬಂದವರು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ನಾಟಕವಾದರೂ ದುಃಖದ ಹಾಡಿಗೆ ಇವರೇ ಬೇಕು. ಆ ದಶಕ ಮುಗಿಯೋದರೊಳಗೆ ಅವರೂ ಹೋಗಿಬಿಟ್ಟರು. ನನಗೆ ದುಃಖ ತಡೆಯೋಕಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಚಿಂತೆ ಅವರ ಹೆಂಡತಿಯದು. ನಾನು ಅಕ್ಕ ಅಂತ ಕರೀತಿದ್ದೆ. ಗಂಡ ಸತ್ತ ದಿನದಿಂದ ಆಕೆ ಅಳಲೂ ಇಲ್ಲ, ಒಂದು ಮಾತೂ ಆಡಲಿಲ್ಲ. ಆ ವಿಷಯಕ್ಕೆ ಬರ್ತೀನಿ, ಮೊದಲು ಮೇಷ್ಟ್ರ ಕತೆ ಕೇಳಿ.

ಮದುವೆ ಮನೆ

ರಿಪ್ಪನ್‌ಪೇಟೆಯಲ್ಲೊಂದು ಮದುವೆ. ಧಾರೆಗೆ ಇನ್ನೂ ಹೊತ್ತಿತ್ತು. ಹೆಣ್ಣಿನ ತಂದೆ ಬಂದು, "ಮೇಷ್ಟ್ರೇ, ಏನಾದ್ರೂ ಒಂದು ಹಾಡಿ" ಅಂದರು. ಮೇಷ್ಟ್ರು ಶುರು ಮಾಡಿದರು. ಮೊದಲು ಗಂಡಿನ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡರು. ಅಜ್ಜಿಯನ್ನು ನೋಡಿ ಅತ್ತೆಯಂದಿರು ಅತ್ತರು, ಅವರನ್ನು ನೋಡಿ ಹೆಣ್ಣಿನ ಕಡೆಯವರೂ ಅತ್ತರು. ಹಿತ್ತಲಲ್ಲಿದ್ದ ಅಡುಗೆ ಭಟ್ಟರಿಗೆ ಹಾಡು ಕೇಳಲಿಲ್ಲ, ಅಳು ಮಾತ್ರ ಕೇಳಿತು. ಯಾರೋ ತೀರಿಕೊಂಡಿದ್ದಾರೆ, ಇನ್ನು ಸೂತಕ, ಮದುವೆ ನಿಂತ ಹಾಗೇ ಅಂತ ಅವರು ಪಾಯಸದ ಕೊಪ್ಪರಿಗೆ ಇಳಿಸಿ ಒಲೆಗೆ ನೀರು ಹೊಯ್ದೇಬಿಟ್ಟರು. ಗಂಡಿನ ತಂದೆ ಗಾಬರಿಯಿಂದ ಓಡಿಬಂದು ನನ್ನ ಕಿವಿಯಲ್ಲಿ, "ಯಾರು ಹೋದ್ರು?" ಅಂತ ಕೇಳಿದರು.

ಎಲ್ಲ ತಿಳಿಯಾಗಿ, ಒಲೆ ಮತ್ತೆ ಹೊತ್ತಿ, ಧಾರೆಯೂ ಆಯ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. "ಇದೆಂತ ಮಾರಾಯ, ನನ್ ಹತ್ರ ಇರೋದೇ ಒಂದು ಖುಷಿ ಹಾಡು. ಅದನ್ನೇ ಅಲ್ವನಾ ಹಾಡಿದ್ದು!"

ಹೆಗ್ಗೋಡಿನಿಂದ ಬಂದ ರಸಿಕರು

ಹಾರ್ಮೋನಿಯಂನಲ್ಲಿ ಬೆರಳಿಡುವ ಪಟ್ಟಿಗೆ ನಾವು ಮನೆ ಅಂತೀವಿ, ಬಿಳಿ ಮನೆ, ಕರಿ ಮನೆ. ಮೇಷ್ಟ್ರ ಪೆಟ್ಟಿಗೆಯಲ್ಲಿ ಎಡಗಡೆಯಿಂದ ಮೂರನೇ ಕರಿ ಮನೆ ತಂಪು ಹಿಡಿದು ಕೆಳಗೆ ಕಚ್ಚಿಕೊಂಡುಬಿಡ್ತಿತ್ತು. ಹಿಂದಿನ ಗಾಳಿ ತಿದಿ ಒತ್ತಿದರೆ ಸಾಕು, "ಪೊಂಯ್ಯ್" ಅಂತ ಒಂದೇ ಸಮ ನರಳೋದು. ಮೇಷ್ಟ್ರು ಅದರಡಿಗೆ ಹಳೇ ಬಸ್ ಟಿಕೆಟ್ ಮಡಚಿ ತುರುಕಿ ಎತ್ತಿ ನಿಲ್ಲಿಸ್ತಿದ್ದರು. ಟಿಕೆಟ್ ಜಾರಿದರೆ ಮತ್ತೆ ಅದೇ ರಾಗ. ಅಕ್ಕನಿಗೆ ಸಂಗೀತ ಒಂದು ಚೂರೂ ಗೊತ್ತಿಲ್ಲ, ಆದರೆ ಆ ನರಳಾಟ ಮಾತ್ರ ಎಲ್ಲಿದ್ದರೂ ಗೊತ್ತಾಗ್ತಿತ್ತು.

ಒಂದು ದಿನ ಹೆಗ್ಗೋಡಿನಿಂದ ರಸಿಕರೊಬ್ಬರು ಮನೆಗೆ ಬಂದರು. ಮೇಷ್ಟ್ರು ಹಾಡ್ತಿದ್ದಾಗ ಟಿಕೆಟ್ ಜಾರಿತು. ರಸಿಕರು ಕಣ್ಣು ಮುಚ್ಚಿ, "ಆಹಾ, ಎಂಥಾ ಗಾಂಭೀರ್ಯ!" ಅಂದರು. ಒಳಗಿಂದ ಅಕ್ಕನ ಕೂಗು, "ಇವ್ರೇ, ಎಡಗಡೆ ಮೂರನೇ ಕರಿ ಮನೆ ಎತ್ರೀ!" ಮೇಷ್ಟ್ರು ತೆಪ್ಪಗೆ ಎತ್ತಿದರು. ರಸಿಕರು ಕಣ್ಣು ಬಿಟ್ಟು ಬೇಜಾರಲ್ಲಿ, "ಛೆ, ಇದ್ದಿದ್ದೇ ಅದೊಂದು ಗಾಂಭೀರ್ಯ, ಅದೂ ಹೋಯ್ತು" ಅಂದರು.

ಸಮಾಧಾನ ಮಾಡಲು ಬಂದವರು

ಮೇಷ್ಟ್ರು ಹೋದಮೇಲೆ ಅಕ್ಕ ಕಲ್ಲಾಗಿ ಕೂತರು. ಮೂರು ತಾಲೂಕು ಅತ್ತಿತು, ಆಕೆ ಅಳಲಿಲ್ಲ. "ಒಂದ್ಸಲ ಅತ್ತುಬಿಡೇ ತಾಯಿ" ಅಂತ ನೆಂಟರು ಗೋಗರೆದರು. ಹೀಗೇ ಬಿಟ್ಟರೆ ಇವರೂ ಕೈ ಬಿಟ್ಟು ಹೋಗ್ತಾರೆ ಅಂತ ನನಗೆ ಊಟವೇ ಸೇರ್ತಿರಲಿಲ್ಲ.

ಹೊಸನಗರದಿಂದ ನಾಟಕದಲ್ಲಿ ರಾಜನ ವೇಷ ಹಾಕೋ ರಾಜಪಾರ್ಟಿನವರೊಬ್ಬರು ಬಂದರು. ಜೀವಮಾನವೆಲ್ಲ ಮೇಷ್ಟ್ರ ಹಾಡಿಗೆ ಅತ್ತು ಅಭ್ಯಾಸ ಇದ್ದವರು. "ನಾನು ಮಾತಾಡಿಸ್ತೀನಿ, ನೀ ಸುಮ್ನಿರು" ಅಂತ ನನಗೆ ಧೈರ್ಯ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಜೋರಾಗಿ ಅಳು ಕೇಳಿತು. ಸದ್ಯ, ಅಕ್ಕ ಅತ್ತರು ಅಂತ ಇಣುಕಿದೆ. ರಾಜರು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅಳ್ತಿದ್ದರು. ಅಕ್ಕ ಮಾತಿಲ್ಲದೆ ಅವರಿಗೆ ಕಾಫಿ ಕುಡಿಸ್ತಿದ್ದರು.

ಎರಡು ನಿಮಿಷ ಮೌನ

ಕೊನೆಗೆ ಸಾಗರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟೆವು. ಅಕ್ಕನನ್ನು ಕೈ ಹಿಡಿದು ಕರೆತಂದು ಮುಂದಿನ ಸಾಲಲ್ಲಿ ಕೂರಿಸಿದೆ. ಮೇಜಿನ ಮೇಲೆ ಹಾರ್ಮೋನಿಯಂ, ಆಮೇಲೆ ನುಡಿಸೋದಕ್ಕೆ ಅಂತ ತಿದಿ ಬಿಚ್ಚಿಟ್ಟಿತ್ತು. ಆ ತಿದಿಗೇ ಒರಗಿಸಿ ಮೇಷ್ಟ್ರ ಫೋಟೋ. ನಮ್ಮ ಕಾರ್ಯದರ್ಶಿಗಳು ಬೆಳಿಗ್ಗೆ ಭಕ್ತಿಯಿಂದ ಪೆಟ್ಟಿಗೆ ಒರೆಸಿ, ಕಸ ಇದೆ ಅಂತ ಬಸ್ ಟಿಕೆಟ್ ಕಿತ್ತು ಎಸೆದಿದ್ದರು. ನನಗೆ ಇದು ಗೊತ್ತಿರಲಿಲ್ಲ.

ಅಧ್ಯಕ್ಷರು ಫೋಟೋಗೆ ಭಾರದ ಹಾರ ಹಾಕಿ, "ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸೋಣ" ಅಂದರು. ಎಲ್ಲ ನಿಂತೆವು. ಹಾರದ ಭಾರಕ್ಕೆ ಫೋಟೋ ನಿಧಾನಕ್ಕೆ ಹಿಂದಕ್ಕೆ ವಾಲಿ ತಿದಿಯನ್ನು ಒತ್ತಿತು.

"ಪೊಂಯ್ಯ್..."

ಅಧ್ಯಕ್ಷರು ಒಂದೇ ನೆಗೆತಕ್ಕೆ ವೇದಿಕೆಯಿಂದ ಕೆಳಗಿದ್ದರು. ರಾಜಪಾರ್ಟಿನವರು ಕೈ ಮುಗಿದು, "ಮೇಷ್ಟ್ರೇ, ತಪ್ಪಾಯ್ತು!" ಅಂದುಬಿಟ್ಟರು. ಆಗ ಮುಂದಿನ ಸಾಲಿಂದ ಹದಿಮೂರು ದಿನ ಮುಚ್ಚಿದ್ದ ಬಾಯಿ ತೆರೆಯಿತು.

"ಇವ್ರೇ! ಎಡಗಡೆ ಮೂರನೇ ಕರಿ ಮನೆ ಎತ್ರೀ!"

ಹೇಳಿದ ಮೇಲೆ, ಎತ್ತೋರು ಇಲ್ಲ ಅಂತ ಆಕೆಗೆ ನೆನಪಾಯ್ತು. ಮೊದಲು ಫಕ್ಕನೆ ನಕ್ಕರು, ಆಮೇಲೆ ಬಾಯಿಗೆ ಸೆರಗು ಹಿಡಿದು ಹೋ ಅಂತ ಅತ್ತರು. ಅಬ್ಬಾ, ನನ್ನ ಎದೆ ಮೇಲಿದ್ದ ಚಪ್ಪಡಿ ಇಳಿಯಿತು. 

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, ನಾಟಕ ನೋಡಿ ನೋಡಿ ಅಭ್ಯಾಸವಾಗಿದ್ದ ಯಾರೋ ಪುಣ್ಯಾತ್ಮ ತಡೆಯಲಾರದೆ ಕೂಗಿದ, "ಒನ್ಸ್ ಮೋರ್!"

ಅಕ್ಕ ಕಣ್ಣೊರೆಸಿಕೊಂಡು, ತಿರುಗಿ ನಿಂತು, ಇನ್ನೊಂದ್ಸಲ ಹೇಳಿದರು.