ಒಳಹಾಳೆಯಲ್ಲಿ ಕಲಿತ ರಾಜಕೀಯ

ಯಾವುದನ್ನು ಓದಬೇಕೆಂದು ತಿಳಿದರೆ ಸಾಕು, ರಾಜಕೀಯ ಕಲಿಯುವುದು ಹದಿನೈದು ದಿನದ ಕೆಲಸ ಎಂದು ನಾನು ನಂಬಿದ್ದೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಪಾಸು ಮಾಡಿದವನಿಗೆ ಮಂತ್ರಿಮಂಡಲ ಯಾವ ಲೆಕ್ಕ!

ಇದು ತುರ್ತು ಪರಿಸ್ಥಿತಿಯ ದಿನಗಳ ಮಾತು. ಎಪ್ಪತ್ತೈದರ ಕೊನೆಯೋ ಎಪ್ಪತ್ತಾರರ ಮೊದಲೋ, ಖಚಿತವಿಲ್ಲ. ಡೈರಿಯಲ್ಲಿ ‘ವಿಜಯನಗರದಲ್ಲಿ ಮಾತುಕತೆ ತೃಪ್ತಿಕರ’ ಎಂದು ಬರೆದುಕೊಂಡಿದ್ದೇನೆ. ನನ್ನ ಡೈರಿಯನ್ನು ನಾನೇ ನಂಬದಿರುವುದಕ್ಕೆ ಆ ಒಂದು ಸಾಲು ಸಾಕು.

ವಿಜಯನಗರದಲ್ಲಿ ಗಿರಿಜಾ ಇದ್ದಳು. ಬಸ್ ಸ್ಟಾಪಿನಲ್ಲಿ ಆಕೆ ಕಂಡಕ್ಟರನ್ನು ಗದರಿದ್ದನ್ನು ಒಮ್ಮೆ ನೋಡಿದ್ದೆ. ಅಂದಿನಿಂದ ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿದ್ದೆ. ಅಕ್ಕ ಸರೋಜ ಹೇಗೋ ಸಂಬಂಧ ಹುಡುಕಿ ಮಾತು ತೆಗೆದಳು.

“ಅವರಪ್ಪ ರಿಟೈರ್ಡ್ ತಹಶೀಲ್ದಾರ್ರು ಕಣೋ. ರಾಜಕೀಯ ಅಂದ್ರೆ ಪ್ರಾಣ. ಹೋದ ಸಲ ಬಂದ ಹುಡುಗ ಬರೀ ಸಿನಿಮಾ ಮಾತಾಡಿದ್ನಂತೆ. ಉಪ್ಪಿಟ್ಟು ಮುಗಿಸೋಕೂ ಬಿಡ್ಲಿಲ್ವಂತೆ!”

ನಾನು ಪಾಠ ಹೇಳುತ್ತಿದ್ದ ಕಾಲೇಜಿನ ರಾಜ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ಅವರು ಇಟ್ಟಿಗೆಯಂಥ ಪುಸ್ತಕವೊಂದನ್ನು ಕೊಟ್ಟು, “ಇಲ್ಲಿಂದ ಶುರು ಮಾಡಿ” ಎಂದರು. ‘ರಾಜ್ಯವೆಂದರೇನು?’ ಎಂಬ ಪ್ರಶ್ನೆಯೊಂದಿಗೆ ಆರಂಭವಾದ ಆ ಗ್ರಂಥ, ಎಂಬತ್ತನೆಯ ಪುಟದಲ್ಲೂ ಅದನ್ನೇ ಕೇಳುತ್ತಿತ್ತು. ಗ್ರಂಥಕರ್ತರಿಗೇ ಗೊತ್ತಿಲ್ಲದಿದ್ದರೆ ನಾನೇನು ಮಾಡಲಿ!

ಕೊನೆಗೆ ರಾಜಾಜಿನಗರದ ನಮ್ಮ ವಠಾರದ ಮಾಲೀಕರು ದಾರಿ ತೋರಿಸಿದರು. “ಪುಸ್ತಕ ಬಿಸಾಕಿ ಸಾರ್. ದಿನಾ ಪೇಪರ್ ಓದಿ, ಸಾಕು.”

ವಠಾರದ ಐದು ಮನೆಗೆ ಒಂದೇ ಪೇಪರು. ಹೊರಹಾಳೆಯ ಮೊದಲ ಪುಟ ಮಾಲೀಕರಿಗೆ, ಅದರ ಬೆನ್ನಿಗಿದ್ದ ಕ್ರಿಕೆಟ್ಟಿನ ಪುಟ ಅವರ ತಮ್ಮನಿಗೆ. ಆಮೇಲೆ ಆ ಹಾಳೆ ಅವರ ಮನೆಯ ಕಪಾಟಿನಲ್ಲಿ ಡಬ್ಬಗಳ ಕೆಳಗೆ ಶಾಶ್ವತವಾಗಿ ನೆಲೆಸುತ್ತಿತ್ತು. ನನ್ನ ಪಾಲಿಗೆ ಬರುತ್ತಿದ್ದುದು ಒಳಹಾಳೆ ಮಾತ್ರ. ಅದರಲ್ಲಿ ‘ಮೊದಲ ಪುಟದಿಂದ’ ಎಂಬ ತಲೆಬರಹದಡಿ ಎಲ್ಲ ಸುದ್ದಿಗಳ ಬಾಲಗಳಿರುತ್ತಿದ್ದವು. ‘...ಎಂಬುದನ್ನು ಅವರು ಸ್ಪಷ್ಟವಾಗಿ ತಳ್ಳಿಹಾಕಿದರು.’ ‘...ಇದರ ಪರಿಣಾಮವನ್ನು ಕಾದು ನೋಡಬೇಕಾಗಿದೆ.’ ಯಾರು, ಏನು, ಎಲ್ಲಿ ಎಂಬುದೆಲ್ಲ ಡಬ್ಬದ ಕೆಳಗೆ! ಆದರೂ ನಾನು ಧೃತಿಗೆಡಲಿಲ್ಲ. ಶ್ರದ್ಧೆಯಿಂದ ಬಾಲಗಳನ್ನೇ ಬಾಯಿಪಾಠ ಮಾಡಿದೆ.

ಹೆಣ್ಣು ನೋಡಲು ನಾನೊಬ್ಬನೇ ಹೋದೆ. ತಹಶೀಲ್ದಾರರು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ನೇರವಾಗಿ ಕೇಳಿದರು.

“ಈಗಿನ ಪರಿಸ್ಥಿತಿ ಬಗ್ಗೆ ಏನಂತೀರಿ?”

“ಅವರು ಅದನ್ನ ಸ್ಪಷ್ಟವಾಗಿ ತಳ್ಳಿಹಾಕಿದಾರೆ ಸಾರ್.”

“ಯಾರು?”

ನನಗೆ ಗೊತ್ತಿದ್ದರೆ ತಾನೇ! “ಅವರೇ ಸಾರ್” ಎಂದೆ.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ದನಿ ತಗ್ಗಿತು. “ಓಹೋ, ಅವರಾ! ಯಾವ ವಿಷಯ?”

“ಅದೇ ವಿಷಯ.”

“ಹಾಗಾದ್ರೆ ಮುಂದೆ?”

“ಕಾದು ನೋಡಬೇಕಾಗಿದೆ.”

ತಹಶೀಲ್ದಾರರು ಎದ್ದು ಬೀದಿ ಕಡೆಯ ಕಿಟಕಿ ಹಾಕಿದರು. ಆ ಕಾಲದಲ್ಲಿ ತಿಳಿದವರು ಬಹಿರಂಗವಾಗಿ ಹೆಸರು ಹೇಳುತ್ತಿರಲಿಲ್ಲ. ತಿಳಿಯದ ನಾನೂ ಹೇಳಲಿಲ್ಲ. ಎರಡಕ್ಕೂ ಹೊರಗಿನಿಂದ ವ್ಯತ್ಯಾಸವೇ ಕಾಣುವುದಿಲ್ಲವೆಂದು ನನಗೆ ಹೊಳೆಯಲಿಲ್ಲ. ಉತ್ಸಾಹ ಉಕ್ಕಿತು. ‘ನಂಬಲರ್ಹ ಮೂಲಗಳು’, ‘ಉನ್ನತ ವಲಯ’, ಕಂಠಸ್ಥವಾಗಿದ್ದುದನ್ನೆಲ್ಲ ಸುರಿದೆ. ಅವರ ಹಣೆ ಬೆವರಿತು. ಮೆಚ್ಚುಗೆಯ ಬೆವರು ಎಂದುಕೊಂಡೆ!

ಕಾಫಿ ತಂದ ಗಿರಿಜಾ ನನ್ನನ್ನೇ ನೋಡುತ್ತಾ, “ಅಷ್ಟೆಲ್ಲ ಹೇಳಿದ್ರಿ, ಯಾರು ಅಂತ ಮಾತ್ರ ಹೇಳಲೇ ಇಲ್ವಲ್ಲ?” ಎಂದಳು.

“ಸುಮ್ನಿರಮ್ಮ! ಒಳಗೆ ಹೋಗು!” ಎಂದು ಅವರಪ್ಪ ಬೆಚ್ಚಿಬಿದ್ದರು. ಉಪ್ಪಿಟ್ಟು ಪೂರ್ತಿ ತಿನ್ನಿಸಿ, ರಸ್ತೆಯ ಎರಡೂ ಕಡೆ ಕಣ್ಣಾಡಿಸಿ, ನನ್ನನ್ನು ಹಿತ್ತಿಲ ಬಾಗಿಲಿನಿಂದ ಬೀಳ್ಕೊಟ್ಟರು. ಉಪ್ಪಿಟ್ಟು ಮುಗಿದಿತ್ತು, ಅಂದರೆ ನಾನು ಗೆದ್ದಿದ್ದೆ!

ನಾಲ್ಕು ದಿನದ ಮೇಲೆ ಅಕ್ಕ ಬಂದಳು. ಮುಖ ಊದಿತ್ತು.

“ಏನೋ ಮಾತಾಡ್ದೆ ಅಲ್ಲಿ? ‘ಹುಡುಗ ಬಹಳ ಆಳ. ಒಳಗಿನದೆಲ್ಲ ಗೊತ್ತು, ಹೆಸರು ಮಾತ್ರ ಬಾಯಿ ಬಿಡಲ್ಲ. ಇಂಥೋರನ್ನೇ ಮೊದಲು ಹಿಡ್ಕೊಂಡು ಹೋಗೋದು. ಮಗಳನ್ನ ಕೊಟ್ಟು ಜೈಲು ಬಾಗಿಲು ಕಾಯೋಕಾಗಲ್ಲ’ ಅಂತಾರೆ!”

“ಅಯ್ಯೋ ಅಕ್ಕ! ನಂಗೆ ಏನೇನೂ ಗೊತ್ತಿಲ್ಲ ಅಂತ ಹೇಳಬಾರ್ದಿತ್ತಾ?”

“ಹೇಳ್ದೆ ಕಣೋ! ‘ನೋಡಿದ್ರಾ, ಮನೆಯವ್ರಿಗೂ ಬಿಟ್ಟುಕೊಟ್ಟಿಲ್ಲ’ ಅಂದ್ರು.”

ರಾಜಕೀಯದಲ್ಲಿ ನಾನು ಪಡೆದ ಒಂದೇ ಒಂದು ಫಸ್ಟ್ ಕ್ಲಾಸ್ ಅದು. ಅದರಿಂದಲೇ ಫೇಲಾದೆ.