ಎರಡನೇ ಮಹಡಿಯಲ್ಲಿ ವಿಮಾನ ಇಳಿದ ಸಂಜೆ

ನೂರಾ ಎಂಬತ್ತು ಜನ ಕೂತಿದ್ದ ವಿಮಾನವನ್ನು ಕತ್ತಲಲ್ಲಿ, ಮೋಡದ ನಡುವೆ, ಒಂದೇ ಕೈಯಲ್ಲಿ ಇಳಿಸಿದ ಗಂಡಿನ ಮುಂದೆ ನೀವೀಗ ಕೂತಿದ್ದೀರಿ. ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ನಂಬಿಕೆ ಬರದಿದ್ದರೆ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಬೆರಳು ನನ್ನ ಕಡೆಗೇ ತಿರುಗುತ್ತದೆ. ಆದರೆ ಕತೆ ನನ್ನದಲ್ಲ, ಅಕ್ಕನ ಗಂಡ, ನಮ್ಮ ಭಾವನದು. ದೊಡ್ಡ ಸಿನಿಮಾಗಳಲ್ಲಿ ಹೀಗೇ, ಹೀರೋ ಇಂಟರ್ವಲ್ ಆದಮೇಲೆ ಬರುತ್ತಾನೆ. ಅಲ್ಲಿಯವರೆಗೆ ಭಾವನನ್ನು ನೋಡಿ.

ಭಾವ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಯಾರದೋ ಬಿಲ್ಡಿಂಗಿನ ಲಿಫ್ಟಿನ ಅಡಿಯ ಹಳ್ಳಕ್ಕೆ ಇಳಿದು, ಗ್ರೀಸ್ ಮೆತ್ತಿಕೊಂಡು, ಬೇರೆಯವರನ್ನು ಮೇಲಕ್ಕೆ ಕಳಿಸುವ ಕೆಲಸ. ಸಂಜೆ ಮನೆಗೆ ಬಂದು ಕೈ ತೊಳೆದು ಹಿಂದಿನ ರೂಮಿನ ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಅವರೇ ಮೇಲೆ, ಮೂವತ್ತೈದು ಸಾವಿರ ಅಡಿ. ಅದು ವಿಮಾನ ಓಡಿಸುವುದನ್ನು ಕಲಿಸುವ ಸಾಫ್ಟ್‌ವೇರ್. ಅದನ್ನು ಆಟ ಅಂತ ಕರೆದರೆ ಭಾವ ಎರಡು ದಿನ ಮಾತು ಬಿಡುತ್ತಾರೆ. ಅವರಂತೆಯೇ ಮನೆಯಲ್ಲಿ ಕೂತು ಹಾರುವವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ವಿಮಾನ ಕ್ಲಬ್ಬು ಕಟ್ಟಿಕೊಂಡಿದ್ದಾರೆ. ಅಲ್ಲಿ ಭಾವ ನಾಲ್ಕು ವರ್ಷದಿಂದ ಕೋ-ಪೈಲಟ್. ಕ್ಯಾಪ್ಟನ್ ಆಗಬೇಕಾದರೆ ಪರೀಕ್ಷೆ ಕೊಡಬೇಕು. ಪರೀಕ್ಷಕರು ಎಲ್ಲೋ ಕೂತು ತಮ್ಮ ಕಂಪ್ಯೂಟರಿನಲ್ಲಿ ವಿಮಾನ ನೋಡುತ್ತ, ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರೆ, ಇವರು ಕತ್ತಲಲ್ಲಿ ವಿಮಾನ ಇಳಿಸಬೇಕು, ನಡುವೆ ನಿಲ್ಲಿಸುವ ಹಾಗಿಲ್ಲ. ಭಾವ ಈಗಾಗಲೇ ಎರಡು ಸಲ ಫೇಲ್. ಮೂರನೇ ಸಲವೂ ಹೋದರೆ ಎರಡೇ ಸೀಟಿನ ಪುಟಾಣಿ ವಿಮಾನದಿಂದ ಮತ್ತೆ ಅಆಇಈ. ಆ ಮೂರನೇ ಪರೀಕ್ಷೆ ಶನಿವಾರ ಸಂಜೆ ಆರೂವರೆಗೆ ಇತ್ತು.

ಶನಿವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಲಿಫ್ಟ್ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಸಂಜೆ ಏಳಕ್ಕೆ ಟೆರೇಸಿನ ಮೇಲೆ ಗುರು, ಶುಕ್ರ ಎರಡೂ ಗ್ರಹ ಒಟ್ಟಿಗೆ ಕಾಣುತ್ತವೆ, ಎಲ್ಲರೂ ಬರಬೇಕು, ಏಳರಿಂದ ಎಂಟರವರೆಗೆ ಎಲ್ಲ ಮನೆಯ ದೀಪ ಆರಿಸತಕ್ಕದ್ದು. ಕೆಳಗೆ ಮೇಷ್ಟ್ರ ಸಹಿ.

ಮೇಷ್ಟ್ರು ಮೇಲಿನ ಮಹಡಿಯವರು, ಭೂಗೋಳ ಕಲಿಸಿ ನಿವೃತ್ತರಾಗಿ ಈಗ ಖಗೋಳಕ್ಕೆ ಬಡ್ತಿ ಪಡೆದವರು. ಚರಂಡಿ ಪೈಪಿನ ತುಂಡು ತಂದು, ಎಂಟು ತಿಂಗಳು ಕೂತು ಕನ್ನಡಿ ಉಜ್ಜಿ, ಕೈಯಾರೆ ದೂರದರ್ಶಕ ಮಾಡಿಕೊಂಡಿದ್ದರು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಬಿಳಿ ದೀಪ ಕಂಡರೆ ಅಷ್ಟೂ ಹಾಳು ಅನ್ನುವುದು ಅವರ ಮೊದಲ ಪಾಠ. ಅದಕ್ಕೇ ಟಾರ್ಚಿಗೂ ಗಾಜಿನಂಥ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ ಓಡಾಡುತ್ತಿದ್ದರು. ಪಾಪ, ಅದೃಷ್ಟ ಮಾತ್ರ ಕೈಕೊಡುತ್ತಿತ್ತು. ಧೂಮಕೇತು ತೋರಿಸುತ್ತೇನೆಂದ ದಿನ ಮೋಡ, ಗ್ರಹಣದ ದಿನ ಮಳೆ. ಮೇಷ್ಟ್ರ ಚೀಟಿ ಕಂಡ ಕೂಡಲೇ ಒಣಹಾಕಿದ ಬಟ್ಟೆ ಒಳಗೆ ತರ್ತೀನಿ ಅಂತ ಕೆಳಗಿನ ಅಂಗಡಿಯ ಟೈಲರ್ ಆಡಿಕೊಳ್ಳುತ್ತಿದ್ದ.

ಭಾವ ಚೀಟಿ ಓದಿ, ಕೆಲಸಕ್ಕೆ ಹೋಗುವುದನ್ನು ಬಿಟ್ಟು ನೇರ ಮೇಷ್ಟ್ರ ಮನೆಗೆ ಹತ್ತಿದರು.

"ಮೇಷ್ಟ್ರೇ, ಏಳು ಗಂಟೆಗೆ ನಾನು ಆಕಾಶದಲ್ಲಿರ್ತೀನಿ. ದೀಪ ಆರಿಸ್ತೀನಿ, ಕಂಪ್ಯೂಟರ್ ಆರಿಸೋಕಾಗಲ್ಲ."

"ನಿಮ್ಮ ವಿಮಾನ ನಾಳೆನೂ ಹಾರುತ್ತೆ ಕ್ಯಾಪ್ಟನ್. ಗುರು, ಶುಕ್ರಂಗೆ ನಾಳೆ ಬನ್ನಿ ಅನ್ನೋಕಾಗುತ್ತಾ?"

"ಕ್ಯಾಪ್ಟನ್ ಅನ್ಬೇಡಿ ಮೇಷ್ಟ್ರೇ. ಆ ಒಂದು ಮಾತಿಗೇ ನಾಲ್ಕು ವರ್ಷದಿಂದ ಒದ್ದಾಡ್ತಿದೀನಿ."

ಕೊನೆಗೆ ಇಬ್ಬರಿಗೂ ರಾಜಿಯಾಯಿತು. ಬಾಗಿಲು ಮುಚ್ಚಿ, ಕಿಟಕಿಯ ಪರದೆ ಎಳೆದು, ಒಂದು ಗೆರೆ ಬೆಳಕೂ ಆಚೆ ಬಾರದ ಹಾಗೆ ಹಾರಬಹುದು.

ಆರೂವರೆಗೆ ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತರು. ಪರೀಕ್ಷಕರಿಗೆ ಅಂಗಿ ಕಾಣುವುದಿಲ್ಲ ಅಂತ ಅಕ್ಕ ಹೇಳಿದ್ದಕ್ಕೆ, ನನಗೆ ಕಾಣುತ್ತಲ್ಲ ಅಂದರು. ವಿಮಾನ ಹೂವೆತ್ತಿದ ಹಾಗೆ ಎದ್ದಿತು. ಅಕ್ಕ ಅಡುಗೆಮನೆಗೆ ಹೋದಳು, ನಾನು ಟೆರೇಸಿಗೆ ಹೋದೆ.

ಟೆರೇಸಿನ ಮೇಲೆ ಇಪ್ಪತ್ತು ಜನ ಸೇರಿದ್ದರು. ಏಳಕ್ಕೆ ಐದು ನಿಮಿಷವಿದ್ದಾಗ ಪಶ್ಚಿಮದ ತುಂಬ ಮೋಡ ಬಂದು, ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟಿತು. ಕರೆಂಟು ಹೋದ ಮಿಕ್ಸಿಯ ಹಾಗೆ ಮೇಷ್ಟ್ರ ಮಾತು ಅರ್ಧದಲ್ಲೇ ನಿಂತಿತು. ತನ್ನ ಬಟ್ಟೆ ಆಗಲೇ ಒಳಗಿದೆ ಅಂತ ಟೈಲರ್ ಎಲ್ಲರಿಗೂ ಕೇಳಿಸುವ ಹಾಗೆ ಅಂದ. ಜನ ನಕ್ಕರು. ಮೇಷ್ಟ್ರು ದೂರದರ್ಶಕದ ಮುಚ್ಚಳ ಹುಡುಕತೊಡಗಿದರು. ಅದನ್ನು ನೋಡಿ ನನ್ನ ಹೃದಯ ಕರಗಿ, ಬಾಯಿ ತೆರೆಯಿತು.

"ಮೇಷ್ಟ್ರೇ, ಮೋಡದ ಮೇಲೆ ಹೋಗಿರೋರು ನಮ್ಮನೇಲೇ ಇದಾರಲ್ಲ."

ಸಾಫ್ಟ್‌ವೇರಿನ ಆಕಾಶ ಆ ಹೊತ್ತಿನ ನಿಜವಾದ ಆಕಾಶದ ಪಡಿಯಚ್ಚು, ಗ್ರಹ ನಕ್ಷತ್ರ ಎಲ್ಲ ಎಲ್ಲಿರಬೇಕೋ ಅಲ್ಲೇ ಇರುತ್ತವೆ ಅಂತ ಭಾವ ನನಗೆ ನೂರು ಸಲ ಕೊರೆದಿದ್ದರು. ಅದನ್ನೇ ನಾನು ಇಪ್ಪತ್ತು ಜನಕ್ಕೆ ಎರಡು ವಾಕ್ಯದಲ್ಲಿ ಹೇಳಿದೆ. ಮೂರನೇ ವಾಕ್ಯ ಹೇಳುವಷ್ಟರಲ್ಲಿ ಅವರೆಲ್ಲ ಎರಡನೇ ಮಹಡಿಯ ನಮ್ಮ ಮನೆಯಲ್ಲಿದ್ದರು.

ಭಾವನ ರೂಮು ಹತ್ತಡಿಗೆ ಎಂಟಡಿ. ಬಾಗಿಲು ತೆರೆದು ಇಪ್ಪತ್ತು ಜನ ಒಳಗೆ ಬಂದಾಗ ಅವರಿಗೆ ಬೈಯುವ ಸ್ವಾತಂತ್ರ್ಯವೂ ಇರಲಿಲ್ಲ, ಕಿವಿಯಲ್ಲಿ ಪರೀಕ್ಷಕರು ಕೂತಿದ್ದರು. ಕಣ್ಣಲ್ಲೇ ಬೈದರು. ಕತ್ತಲಲ್ಲಿ ಅದು ಯಾರಿಗೂ ತಲುಪಲಿಲ್ಲ. ಮೇಷ್ಟ್ರು ಮಾತ್ರ ಕಂಪ್ಯೂಟರ್ ಪರದೆಯ ಬೆಳಕಿಗೆ ಕಣ್ಣು ಮುಚ್ಚಿಕೊಂಡರು. ಮೋಡ ಯಾವ ಗಳಿಗೆಯಲ್ಲಾದರೂ ತೆರೆದುಕೊಳ್ಳಬಹುದು, ಎಲ್ಲರ ಕಣ್ಣೂ ತಯಾರಿರಬೇಕು ಅಂತ ಜೇಬಿನಿಂದ ಒಂದು ದೊಡ್ಡ ಕೆಂಪು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಪರದೆಗೆ ನಾಲ್ಕೂ ಮೂಲೆಗೆ ಟೇಪ್ ಹಾಕಿ, ಒಂದು ಸುಕ್ಕೂ ಇಲ್ಲದ ಹಾಗೆ ಅಂಟಿಸಿದೆ. ಭಾವ ಒಂದು ಕೈಯಲ್ಲಿ ವಿಮಾನ ಹಿಡಿದು ಇನ್ನೊಂದರಲ್ಲಿ ನನ್ನ ಕಾಲರ್ ಹಿಡಿಯಲು ನೋಡಿದರು. ಆಮೇಲೆ ವಿಮಾನವೇ ಮುಖ್ಯ ಅನ್ನಿಸಿ ಬಿಟ್ಟರು. ಇಡೀ ಆಕಾಶ ಫೋಟೋ ತೊಳೆಯುವ ಕೋಣೆಯ ಹಾಗಾಯಿತು. ಎಡಕ್ಕೆ ರೆಕ್ಕೆಯ ತುದಿಯಲ್ಲಿ ಎರಡು ಚುಕ್ಕೆ ಮೈಗೆ ಮೈ ತಾಗಿಸಿ ಕೂತಿದ್ದವು. ಮೇಷ್ಟ್ರು ಬೆರಳಿಟ್ಟು ತೋರಿಸಿದರು, ಇದು ಗುರು, ಇದು ಶುಕ್ರ.

ಟೈಲರ್ ಭಾವನ ಹೆಗಲ ಮೇಲೆ ಕೈ ಹಾಕಿದ. "ಸ್ವಲ್ಪ ಎಡಕ್ಕೆ ಬಾಗಿಸಿ ಕ್ಯಾಪ್ಟನ್, ಈ ಕಡೆಯೋರಿಗೂ ಕಾಣ್ಲಿ."

ಅದೆಲ್ಲ ಯಾರ ದನಿ ಅಂತ ಪರೀಕ್ಷಕರು ಕೇಳಿರಬೇಕು. ಭಾವ ಒಂದು ಗಳಿಗೆ ಯೋಚಿಸಿ, ಪ್ರಯಾಣಿಕರು ಸಾರ್, ಅಂದರು.

ಇನ್ನು ಇಳಿಯುವ ಭಾಗ. ರನ್‌ವೇ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪ ಇರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ವಿಮಾನ ಸರಿಯಾದ ಎತ್ತರದಲ್ಲಿದೆ. ನಾಲ್ಕೂ ಬಿಳಿ ಕಂಡರೆ ತೀರ ಮೇಲಿದೆ. ನಾಲ್ಕೂ ಕೆಂಪು ಕಂಡರೆ ತೀರ ಕೆಳಗಿದೆ, ಇನ್ನೇನು ನೆಲಕ್ಕೆ ಬಡಿಯುತ್ತೆ ಅಂತ ಅರ್ಥ. ಭಾವ ಮೋಡ ದಾಟಿ ಇಳಿದರು, ರನ್‌ವೇ ಕಂಡಿತು, ದೀಪ ನೋಡಿದರು. ನಾಲ್ಕೂ ಕೆಂಪು. ವಿಮಾನದ ಮೂತಿ ಎತ್ತಿದರು. ಮತ್ತೆ ನೋಡಿದರು, ಮತ್ತೆ ಕೆಂಪು. ಇನ್ನಷ್ಟು ಎತ್ತಿದರು. ರನ್‌ವೇ ಕಾಲಡಿಯಲ್ಲೇ ಹಾದುಹೋಯಿತು, ನಿಲ್ಲಿಸದೆ ಹೋಗುವ ಬಸ್ಸಿನ ಹಿಂದೆ ಉಳಿದ ಸ್ಟಾಪಿನ ಹಾಗೆ. ಸುತ್ತು ಹೊಡೆದು ಎರಡನೇ ಸಲ ಬಂದರು, ಅದೇ ಕತೆ. ಮೂರನೇ ಸಲವೂ ಅದೇ. ಹಿಂದಿನಿಂದ ಒಬ್ಬರು ಬ್ರೇಕ್ ಹಾಕಿ ಅಂದರು, ಇನ್ನೊಬ್ಬರು ಹಾರನ್ ಹೊಡೀರಿ ಅಂದರು. ಪರೀಕ್ಷಕರು ತಿದ್ದುವ ಹಾಗಿಲ್ಲ, ಏನಾಗುತ್ತಿದೆ ಅಂತ ಮಾತ್ರ ಕೇಳಿದರು. ಭಾವನ ಬಿಳಿ ಅಂಗಿ ಒದ್ದೆಯಾಗಿತ್ತು. ಇಂಧನ ಇನ್ನೊಂದೇ ಸಲಕ್ಕೆ ಸಾಕಾಗುವಷ್ಟು ಉಳಿದಿತ್ತು.

ಅಷ್ಟರಲ್ಲಿ ಟೆರೇಸಿನಿಂದ ಯಾರೋ ಕೂಗಿದರು, ಮೋಡ ಸರಿದಿದೆ. ರೂಮು ಒಂದೇ ಉಸಿರಿಗೆ ಖಾಲಿಯಾಯಿತು. ಎಲ್ಲರೂ ಮೇಲಕ್ಕೆ ಓಡಿದರೆ ಮೇಷ್ಟ್ರು ಕೆಳಕ್ಕೆ ಓಡಿದರು. ಟೈಲರ್ ಅಂಗಡಿಯ ಬೋರ್ಡು, ಮೆಟ್ಟಿಲ ದೀಪ ಎಲ್ಲ ಉರಿಯುತ್ತಿವೆ, ಬಿಲ್ಡಿಂಗಿನ ಮೇನ್ ಸ್ವಿಚ್ಚನ್ನೇ ಎಳೆದುಬಿಡ್ತೀನಿ ಅಂತ ಅವರು ಹೇಳಿಕೊಂಡು ಹೋದದ್ದು ಭಾವನ ಕಿವಿಗೆ ಬಿತ್ತು.

ಮೇನ್ ಸ್ವಿಚ್ ಹೋದರೆ ಕಂಪ್ಯೂಟರ್ ಹೋಯಿತು, ವಿಮಾನ ಹೋಯಿತು, ನಾಲ್ಕು ವರ್ಷ ಹೋಯಿತು. ವಿಮಾನ ತಾನಾಗಿಯೇ ಹಾರುವ ಹಾಗೆ ಭಾವ ಆಟೋಪೈಲಟ್ ಒತ್ತಿ, ಹೆಡ್‌ಫೋನ್ ಕಿತ್ತು ನನ್ನ ತಲೆಗೆ ಹಾಕಿ, ನನ್ನನ್ನು ಕುರ್ಚಿಗೆ ತಳ್ಳಿದರು.

"ಏನೂ ಮುಟ್ಬೇಡ. ಸಾರ್ ಏನಾದ್ರೂ ಕೇಳಿದ್ರೆ ಕೆಮ್ಮು."

ಇಲ್ಲಿಗೆ ಇಂಟರ್ವಲ್. ಈಗ ನಾನು.

ಗಾಳಿ ಬೀಸಿತು. ಎಲ್ಲಿಂದಲೋ ಹಿನ್ನೆಲೆ ಸಂಗೀತ ಶುರುವಾಯಿತು. ಸಾವು ಪಕ್ಕದ ಸೀಟಿನಲ್ಲಿ ಬಂದು ಕೂತಿತು. ನಾನು ತಿರುಗಿಯೂ ನೋಡದೆ, ಬೆಲ್ಟ್ ಹಾಕ್ಕೋ, ಅಂದೆ. ಒಂದು ಕೈಯಲ್ಲಿ ವಿಮಾನ ತಿರುಗಿಸುವ ಕಡ್ಡಿ ಹಿಡಿದೆ, ಇನ್ನೊಂದು ಕೈಯಲ್ಲಿ ಕೂದಲು ಸರಿ ಮಾಡಿಕೊಂಡೆ. ವಿಮಾನ ಹತ್ತಿಯ ಮೇಲೆ ಗರಿ ಇಳಿದ ಹಾಗೆ ಇಳಿಯಿತು. ಪರೀಕ್ಷಕರು ಶಭಾಷ್ ಅಂದರು.

ಅತ್ತ ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಭಾವ ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಿದ್ದರು. ಮೇಷ್ಟ್ರು ಮೊದಲು ಜೋರು ಮಾಡಿದರು, ಆಮೇಲೆ ಬೇಡಿಕೊಂಡರು. ಭಾವನೂ ಬೇಡಿಕೊಂಡರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಬೇಡಿಕೊಂಡು ಹನ್ನೆರಡು ನಿಮಿಷ ಕಳೆದರು. ಮೋಡ ತೆರೆದಿದ್ದದ್ದು ಒಂಬತ್ತೇ ನಿಮಿಷ. ಚರಂಡಿ ಪೈಪಿನಲ್ಲಿ ಇಪ್ಪತ್ತು ಜನವೂ ಗುರುವನ್ನು, ಗುರುವಿನ ನಾಲ್ಕು ಚಂದ್ರರನ್ನು, ಶುಕ್ರನನ್ನು ಕಣ್ತುಂಬ ನೋಡಿದರು. ಟೈಲರ್ ಎರಡು ಸಲ ನೋಡಿದ. ಇಳಿದು ಬರುವಾಗ ಅವನು ತಮಾಷೆ ಮಾಡಲಿಲ್ಲ. ಮೇಷ್ಟ್ರೇ, ನಾನು ಹುಟ್ಟಿದಮೇಲೆ ಇಂಥದ್ದು ನೋಡಿರಲಿಲ್ಲ, ಅಂತ ಅವರ ಕೈ ಹಿಡಿದುಕೊಂಡ. ಎಲ್ಲರಿಗೂ ತೋರಿಸಬೇಕೆಂದಿದ್ದ ಮೇಷ್ಟ್ರೇ ನೋಡದೆ ಉಳಿದರು. ಅವರು ಕೊನೆಯ ಮೆಟ್ಟಿಲ ಮೇಲೆ ಕೂತರು. ಭಾವ ಪಕ್ಕದಲ್ಲಿ ಕೂತು ಅವರ ಟಾರ್ಚು ಹಿಡಿದುಕೊಂಡರು.

ಇಬ್ಬರೂ ಮೇಲೆ ಬಂದಾಗ, ಇಳಿಸಿಬಿಟ್ಟೆ ಭಾವ, ಅಂದೆ. ಭಾವ ನನ್ನನ್ನು ತಬ್ಬಿಕೊಂಡು ಅತ್ತರು. ಸುದ್ದಿಯನ್ನು ಬೀದಿಗೆ ಮುಟ್ಟಿಸುವ ಹೊಣೆ ನಾನೇ ಹೊತ್ತೆ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನಿಂದ ಇಮೇಲಿನಲ್ಲಿ ಕಾಗದ ಬಂತು. ಭಾವ ಅದನ್ನು ಲಿಫ್ಟಿನ ಮುಂದೆ, ಬಿಲ್ಡಿಂಗಿನವರನ್ನೆಲ್ಲ ಸೇರಿಸಿ, ಗಟ್ಟಿಯಾಗಿ ಓದಿದರು. ಅಭ್ಯರ್ಥಿ ಒಳ್ಳೆಯ ಎತ್ತರದಲ್ಲಿ ಬಂದರೂ ಮೂರು ಸಲ ರನ್‌ವೇ ಬಿಟ್ಟು ಯಾಕೆ ಓಡಿಹೋದರು ಅನ್ನುವುದು ತಿಳಿಯಲಿಲ್ಲ, ನಾಲ್ಕನೇ ಸಲ ಸೀಟಿನಲ್ಲಿ ಬೇರೆಯವರಿದ್ದರು, ಆ ಇಳಿತ ಅತ್ಯುತ್ತಮವಾಗಿತ್ತು, ನಿಯಮದ ಪ್ರಕಾರ ಇಳಿಸಿದವರೇ ಕ್ಯಾಪ್ಟನ್. ಇಲ್ಲಿಗೆ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಅಂಗಿ ಸರಿ ಮಾಡಿಕೊಂಡೆ. ಭಾವ ಮುಂದಿನ ಸಾಲು ಓದಿದರು.

"ಆದ್ದರಿಂದ ಕ್ಯಾಪ್ಟನ್ ಪದವಿಯನ್ನು ಶ್ರೀಮತಿ..." ಅಲ್ಲಿ ಅಕ್ಕನ ಹೆಸರಿತ್ತು. "ಇವರಿಗೆ ಕೊಡಲಾಗಿದೆ. ಇವರ ಯಜಮಾನರು ಇವರ ಕೈಕೆಳಗೆ ಕೋ-ಪೈಲಟ್ ಆಗಿ ಮುಂದುವರಿಯಬಹುದು."

ಚಪ್ಪಾಳೆ ನಿಂತಿತು. ಸರಿ, ನಡೆದದ್ದು ಹೇಳಿಬಿಡುತ್ತೇನೆ.

ಭಾವ ಕೆಳಗೆ ಓಡಿದ ಮೇಲೆ ಪರೀಕ್ಷಕರು ಏನೋ ಕೇಳಿದರು, ನಾನು ಕೆಮ್ಮಿದೆ. ಕೆಮ್ಮಿನ ರಭಸಕ್ಕೆ ಕೈ ಎಲ್ಲೋ ತಾಗಿ ಆಟೋಪೈಲಟ್ ಬಿಟ್ಟುಹೋಯಿತು. ವಿಮಾನ ವಾಲಿತು, ಏನೇನೋ ಗಂಟೆ ಬಡಿದುಕೊಳ್ಳತೊಡಗಿದವು, ನಾನು ಹೆಡ್‌ಫೋನ್ ಬಿಸಾಕಿ ಅಕ್ಕಾ ಅಂತ ಕಿರುಚಿದೆ. ಅಕ್ಕ ಒದ್ದೆ ಕೈಯಲ್ಲೇ ಬಂದು, ಪರದೆ ನೋಡಿ, ನನ್ನನ್ನು ನೋಡಿ, ಮೊದಲು ಮಾಡಿದ ಕೆಲಸ ಆ ಕೆಂಪು ಹಾಳೆ ಕಿತ್ತದ್ದು. ರನ್‌ವೇ ಪಕ್ಕದಲ್ಲಿ ಎರಡು ದೀಪ ಬೆಳ್ಳಗೆ, ಎರಡು ಕೆಂಪಗೆ ಹೊಳೆಯುತ್ತಿದ್ದವು. ಕೆಂಪು ಹಾಳೆಯ ಹಿಂದೆ ಬಿಳಿ ದೀಪವೂ ಕೆಂಪಾಗಿಯೇ ಕಾಣುತ್ತದೆ ಅಂತ ಭಾವನಿಗೂ ನನಗೂ ಹೊಳೆದಿರಲಿಲ್ಲ. ಭಾವ ಮೂರೂ ಸಲ ಸರಿಯಾಗಿಯೇ ಬಂದಿದ್ದರು.

"ಏಳೋ," ಅಂದಳು ಅಕ್ಕ. ನಾನು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದೆ. ಅಲ್ಲಿಂದ ನನಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ಮೇಲೆ ಅವಳು ಪರೀಕ್ಷಕರಿಗೆ ತನ್ನ ಹೆಸರೂ ಸೇರಿ ಒಂದೊಂದಕ್ಕೂ ಉತ್ತರ ಕೊಡುತ್ತ, ಹಾಲು ಉಕ್ಕದ ಹಾಗೆ ಉರಿ ಸಣ್ಣ ಮಾಡುವವಳಂತೆ ವಿಮಾನ ಇಳಿಸಿದಳು. ಇದೆಲ್ಲ ಯಾವಾಗ ಕಲಿತೆ ಅಂತ ಕೇಳಿದ್ದಕ್ಕೆ, "ನಿಮ್ಮ ಭಾವ ನಿದ್ದೇಲೂ ಇದನ್ನೇ ಒಪ್ಪಿಸ್ತಾರೆ, ನಾಲ್ಕು ವರ್ಷ ಪಕ್ಕದಲ್ಲಿ ಮಲಗಿದ್ರೆ ಕಲ್ಲೂ ಹಾರುತ್ತೆ," ಅಂದು ಅಡುಗೆಮನೆಗೆ ವಾಪಸ್ ಹೋದಳು.

ಹಾಳೆ ಅಂಟಿಸಿದ್ದೇ ಕಾರಣ ಅಂತ ಅಕ್ಕ ಭಾವನಿಗೆ ಇನ್ನೂ ಹೇಳಿಲ್ಲ. ಹೇಳದೆ ಇರಲು ಷರತ್ತಿದೆ, ಭಾವ ಕ್ಯಾಪ್ಟನ್ ಆಗುವವರೆಗೆ ಮನೆಯ ಪಾತ್ರೆಯೆಲ್ಲ ನನ್ನ ಪಾಲು. ಮುಂದಿನ ಪರೀಕ್ಷೆ ಆರು ತಿಂಗಳಾದ ಮೇಲೆ. ಈಗ ಸಂಜೆ ಅಕ್ಕ ಎಡಗಡೆ ಕೂರುತ್ತಾಳೆ, ಭಾವ ಬಲಗಡೆ ಕೂತು ಚಕ್ರ ಇಳಿಸಲಾ ಕ್ಯಾಪ್ಟನ್ ಅಂತ ಕೇಳುತ್ತಾರೆ, ಮೇಷ್ಟ್ರು ಹಿಂದಿನ ಸ್ಟೂಲಿನ ಮೇಲೆ ಕೂತು ನಕ್ಷತ್ರ ನೋಡುತ್ತಾರೆ. ನಾನು ಅಡುಗೆಮನೆಯಲ್ಲಿರುತ್ತೇನೆ. ನನ್ನ ಬಾಮೈದನಂಥ ಹುಡುಗ ಯಾರಿಗೂ ಸಿಗಲ್ಲ, ಅಕ್ಕ ಹಾರೋಕೆ ಹೋದ್ಲು ಅಂತ, ಯಾರಿಂದ್ಲೂ ಹೇಳಿಸಿಕೊಳ್ಳದೆ ಪಾತ್ರೆಗೆ ಕೈ ಹಾಕಿದ ಅಂತ ಭಾವ ಬೀದಿಯಲ್ಲೆಲ್ಲ ಹೊಗಳಿಕೊಂಡು ಓಡಾಡುತ್ತಿದ್ದಾರೆ. ಅವರು ಹಾಗೆ ಅಂದಾಗಲೆಲ್ಲ ಇನ್ನೊಂದು ಪಾತ್ರೆ ತೊಳೆಯೋಣ ಅನ್ನಿಸುತ್ತದೆ.